ಚೆಸ್ ಸಾಕು ಅಂದಿದ್ದೆ

ಬೇಸಿಗೆ ರಜೆ ಮುಗಿದು ಶಾಲೆ ಮತ್ತೆ ಶುರುವಾದ ವಾರವೇ ಮಗಳ ಶಾಲೆಯ ಪಿ.ಟಿ. ಸರ್ ಫೋನ್ ಮಾಡಿದರು. ನಾನು ಅಬುಧಾಬಿಯ ಖಾಲಿದಿಯಾದಲ್ಲಿ ಹಲ್ಲಿನ ಕ್ಲಿನಿಕ್ಕೊಂದರ ರಿಸೆಪ್ಶನಿಸ್ಟ್. ಆಗ ಎದುರಿಗೆ ಕೆನ್ನೆ ಊದಿಸಿಕೊಂಡ ಒಬ್ಬರು ಕುಳಿತಿದ್ದರು. ಸರ್ ಹೇಳಿದ್ದು ಇಷ್ಟು: ಅಂತರಶಾಲಾ ಪಂದ್ಯಗಳು ಶುರುವಾಗುತ್ತಿವೆ, ಬ್ಯಾಡ್ಮಿಂಟನ್ ಟೀಮಿಗೆ ಗುರುವಾರ ಆಯ್ಕೆ, ಚೆಸ್ಸಿನ ಮೊದಲ ಪಂದ್ಯ ತಿಂಗಳ ಕೊನೆಗೆ ದುಬೈಯಲ್ಲಿ, ಮಗಳ ಹೆಸರನ್ನು ಎರಡಕ್ಕೂ ಹಾಕಬಹುದಾ?

"ಚೆಸ್ ಸಾಕು ಸರ್," ಅಂದೆ.

ಡಾಕ್ಟರು ಬೇಡ ಅಂದಿದ್ದಾರಾ ಎಂದು ಮೆಲ್ಲ ಕೇಳಿದರು. ಇಲ್ಲ, ನಾನೇ ಬೇಡ ಅಂತಿದ್ದೇನೆ ಎಂದೆ. ಸರಿ ಮೇಡಂ ಎಂದು ಫೋನ್ ಇಟ್ಟರು.

ಅವರಿಗೆ ವಿಷಯ ಗೊತ್ತಿತ್ತು. ಜನವರಿಯಲ್ಲಿ, ಶಾಲೆಯ ಒಳಾಂಗಣ ಕ್ರೀಡಾಂಗಣದಲ್ಲಿ ಅಭ್ಯಾಸ ಮಾಡುವಾಗ, ಸರ್ವ್ ಮಾಡಲೆಂದು ಶಟಲ್ ಹಿಡಿದು ನಿಂತವಳು ಹಾಗೇ ಕುಸಿದು ಬಿದ್ದಿದ್ದಳು. ಕೈಕಾಲು ಸೆಟೆದುಕೊಂಡು, ಕಣ್ಣು ಮೇಲೆ ಹೋಗಿ, ಬಾಯಲ್ಲಿ ನೊರೆ. ಯಾರೋ ಅವಳ ಮುಷ್ಟಿಯಲ್ಲಿ ಕಬ್ಬಿಣದ ಕೀಗೊಂಚಲು ತುರುಕಲು ನೋಡಿದರಂತೆ. ಶಾಲೆಯ ನರ್ಸ್ ಓಡಿ ಬಂದು ಅದನ್ನು ಕಿತ್ತು ಬಿಸಾಡಿ, ಮಗ್ಗುಲಿಗೆ ಮಲಗಿಸಿದರಂತೆ. ನಾನು ಮುಟ್ಟುವ ಹೊತ್ತಿಗೆ ಮಗಳು ಸಿಕ್ ರೂಮಿನ ಮಂಚದ ಮೇಲೆ ಕಣ್ಣು ಬಿಟ್ಟು, ಇವತ್ತು ಯಾವ ವಾರ ಎಂದು ಕೇಳುತ್ತಿದ್ದಳು. ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದಳು.

ಆಮೇಲಿನದೆಲ್ಲ ಆಸ್ಪತ್ರೆ. ತಲೆಗೆ ವಯರುಗಳನ್ನು ಅಂಟಿಸಿ ಪರೀಕ್ಷೆ, ಸ್ಕ್ಯಾನ್, ಬೆಳಿಗ್ಗೆ ರಾತ್ರಿ ಮಾತ್ರೆ. ನಾವು ಊರಲ್ಲಿ ಫಿಟ್ಸ್ ಅನ್ನುವುದೇ ಇದು ಎಂದು ಡಾಕ್ಟರು ನಿಧಾನವಾಗಿ ವಿವರಿಸಿದರು. ಉಡುಪಿಗೆ ಫೋನ್ ಮಾಡಿ ನನ್ನ ಅಮ್ಮನಿಗೆ ಹೇಳಿದೆ. ಅಮ್ಮ ಅತ್ತಳು. ಅತ್ತು ಮುಗಿದ ಮೇಲೆ, ಹೆಣ್ಣು ಹುಡುಗಿ, ಯಾರ ಹತ್ತಿರವೂ ಬಾಯಿ ಬಿಡಬೇಡ ಎಂದಳು. ಬಾಯಿ ಬಿಡುವ ಯೋಚನೆ ನನಗೂ ಇರಲಿಲ್ಲ. ಶಾಲೆಯಲ್ಲಿ ನರ್ಸ್, ಕ್ಲಾಸ್ ಟೀಚರ್, ಪಿ.ಟಿ. ಸರ್, ಈ ಮೂವರಿಗೆ ಮಾತ್ರ ಹೇಳಿ, ದಯವಿಟ್ಟು ಬೇರೆ ಯಾರಿಗೂ ಗೊತ್ತಾಗುವುದು ಬೇಡ ಎಂದು ಕೇಳಿಕೊಂಡೆ. ಬಿಲ್ಡಿಂಗಿನ ಗೆಳತಿಯರಿಗೆ ತಿಂಡಿ ತಿನ್ನದೆ ಹೋಗಿದ್ದಳು, ತಲೆ ತಿರುಗಿ ಬಿದ್ದಳು ಎಂದೆ.

ಮಾತ್ರೆ ಹಿಡಿಯಿತು. ಆಮೇಲೆ ಒಂದು ಸಲವೂ ಬರಲಿಲ್ಲ. ರಜೆಯಲ್ಲಿ ಊರಿಗೆ ಹೋಗುವ ಮೊದಲು ಡಾಕ್ಟರನ್ನು ಕಂಡಾಗ, ಒಬ್ಬಳೇ ಈಜಬಾರದು, ಎತ್ತರ ಹತ್ತಬಾರದು, ನಿದ್ದೆ ಕೆಡಬಾರದು, ಉಳಿದಂತೆ ಆಡಲಿ, ಆಡಬೇಕು ಎಂದರು. ನಾನು ತಲೆ ಆಡಿಸಿದ್ದೆ. ಆದರೆ ಮನೆಯಲ್ಲಿ ಅವಳು ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ನಿಂತು ನೀರಿನ ಸದ್ದು ಕೇಳುತ್ತಿದ್ದೆ. ಪಾತ್ರೆ ಬಿದ್ದ ಸದ್ದಾದರೆ ಓಡುತ್ತಿದ್ದೆ. ಹಾಗಿರುವಾಗ ಬ್ಯಾಡ್ಮಿಂಟನ್ನಿಗೆ ಹೇಗೆ ಕಳಿಸಲಿ? ಚೆಸ್ ಆದರೆ ಕುರ್ಚಿಯಲ್ಲಿ ಕೂತು ಆಡುವುದು. ಬಿದ್ದರೂ ಎಷ್ಟು ಎತ್ತರದಿಂದ ಬೀಳುತ್ತಾಳೆ ಎಂದು ನನ್ನ ಲೆಕ್ಕ.

ಅವತ್ತು ಸಂಜೆ ಮಗಳಿಗೆ ಹೇಳಿದೆ. ಜಗಳ ಮಾಡುತ್ತಾಳೆ ಎಂದುಕೊಂಡಿದ್ದೆ, ಉತ್ತರಗಳನ್ನೂ ಜೋಡಿಸಿ ಇಟ್ಟುಕೊಂಡಿದ್ದೆ. ಅವಳು "ಓಕೆ ಅಮ್ಮ" ಎಂದಳು, ಅಷ್ಟೇ. ಎಂಟನೇ ಕ್ಲಾಸಿನ ಹುಡುಗಿ, ಮೊದಲೆಲ್ಲ ಒಂದು ದೋಸೆಗೂ ವಾದ ಮಾಡುತ್ತಿದ್ದವಳು. ಬಾಗಿಲ ಹಿಂದೆ ತೂಗುತ್ತಿದ್ದ ರ್‍ಯಾಕೆಟನ್ನು ತೆಗೆದು ಮಂಚದ ಅಡಿಗೆ ಸೂಟ್‌ಕೇಸುಗಳ ಹಿಂದೆ ಇಟ್ಟಳು. ಅವಳು ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಗಂಡನಿಗೆ ಕೆಲಸ ಎರಡು ತಾಸು ದೂರದ ಮದೀನತ್ ಜಾಯೆದ್‌ನಲ್ಲಿ. ವಾರವಿಡೀ ಅಲ್ಲಿ ಕ್ಯಾಂಪಿನಲ್ಲಿದ್ದು ಶುಕ್ರವಾರ ಮಧ್ಯಾಹ್ನ ಕೆಲಸ ಬಿಟ್ಟ ಕೂಡಲೇ ಕಾರು ಹತ್ತಿ ಬರುತ್ತಾರೆ. ಆ ಶುಕ್ರವಾರ ಊಟಕ್ಕೆ ಕುಳಿತಾಗ ಮಗಳು ಎದ್ದು ಕೋಣೆಗೆ ಹೋಗುವುದನ್ನೇ ಕಾದು, ಎಂತ ಆಯಿತು ಇವಳಿಗೆ ಎಂದು ಕೇಳಿದರು. ಹೇಳಿದೆ.

"ಡಾಕ್ಟರೇ ಆಡಲು ಬಿಟ್ಟವಳನ್ನು ನೀನು ಹಿಡ್ಕೊಂಡಿದ್ದೀಯಾ," ಎಂದರು.

ವಾರದಲ್ಲಿ ಐದು ದಿನ ಅವಳ ಜೊತೆ ಒಬ್ಬಳೇ ಇರುವವಳು ನಾನು, ಬಿದ್ದರೆ ಫೋನ್ ಬರುವುದು ನನಗೆ, ನೀವು ಅಲ್ಲಿಂದ ಬರುವಷ್ಟರಲ್ಲಿ ಏನು ಬೇಕಾದರೂ ಆಗಬಹುದು ಎಂದೆ. ಅವರು ತಟ್ಟೆಯಲ್ಲಿದ್ದ ಬಂಗುಡೆಯ ಮುಳ್ಳನ್ನು ಬದಿಗೆ ಸರಿಸುತ್ತಾ ಕೂತರು. ನಾನು ಹೇಳಿದ್ದು ಸುಳ್ಳಲ್ಲ. ಆದರೂ ಮಾತಿನಲ್ಲಿ ಗೆದ್ದ ಸಮಾಧಾನ ನನಗೆ ಆಗಲಿಲ್ಲ.

ಮುಂದಿನ ವಾರಗಳಲ್ಲಿ ಶಾಲೆಯ ತುಂಬ ಆಟದ ಗಡಿಬಿಡಿ. ಸಂಜೆ ಕ್ಲಿನಿಕ್ಕಿನಿಂದ ನೇರವಾಗಿ ಅವಳನ್ನು ಕರೆದುಕೊಂಡು ಬರಲು ಹೋಗುತ್ತಿದ್ದೆ. ಬಿಸಿಲು ಇಳಿದಿದ್ದರೂ ಸೆಕೆ ಇಳಿದಿರುತ್ತಿರಲಿಲ್ಲ. ಮೈದಾನದಲ್ಲಿ ಫುಟ್‌ಬಾಲ್ ಹುಡುಗರು ಒದ್ದೆಮುದ್ದೆಯಾಗಿ ಓಡುತ್ತಿದ್ದರು, ರಿಲೇ ಹುಡುಗಿಯರು ಗೋಡೆಯ ನೆರಳಿನಲ್ಲಿ ಬ್ಯಾಟನ್ ಕೊಡುವುದನ್ನು ಕಲಿಯುತ್ತಿದ್ದರು. ಚೆಸ್ ಅಭ್ಯಾಸ ಲೈಬ್ರರಿಯಲ್ಲಿ. ಲೈಬ್ರರಿಯಿಂದ ಗೇಟಿಗೆ ಬರಬೇಕಾದರೆ ಒಳಾಂಗಣದ ಬಾಗಿಲು ದಾಟಬೇಕು. ಅಲ್ಲಿ ಮಗಳ ಹೆಜ್ಜೆ ನಿಧಾನವಾಗುತ್ತಿದ್ದುದು ನನಗೆ ದೂರದಿಂದಲೇ ಕಾಣುತ್ತಿತ್ತು. ಒಳಗಿನಿಂದ ಹುಡುಗಿಯರು ಕೈ ಬೀಸುತ್ತಿದ್ದರು, ಇವಳೂ ಬೀಸುತ್ತಿದ್ದಳು. ನಾನು ಫೋನ್ ನೋಡುವವಳಂತೆ ತಲೆ ತಗ್ಗಿಸುತ್ತಿದ್ದೆ.

ದುಬೈಯ ಪಂದ್ಯದ ಶನಿವಾರ ಬೆಳಿಗ್ಗೆ ಶಾಲಾ ಬಸ್ಸಿನಲ್ಲಿ ನಾನೂ ಹೊರಟೆ. ಪೋಷಕರೊಬ್ಬರು ಜೊತೆಗಿದ್ದರೆ ಒಳ್ಳೆಯದು ಎಂದು ಶಾಲೆಯವರು ಕೇಳಿದ್ದೇ ತಡ, ನಾನು ಕೈ ಎತ್ತಿದ್ದೆ. ಬ್ಯಾಗಿನಲ್ಲಿ ನೀರು, ಬಿಸ್ಕತ್ತು, ಬದಲಿ ಬಟ್ಟೆ, ಫಿಟ್ಸ್ ಬಂದು ನಿಲ್ಲದೆ ಹೋದರೆ ಮೂಗಿಗೆ ಹಾಕಬೇಕಾದ ಔಷಧ. ಮಗಳು ಮುಂದಿನ ಸೀಟುಗಳಲ್ಲಿ ಟೀಮಿನವರ ಜೊತೆ, ನಾನು ಹಿಂದೆ. ಪಂದ್ಯ ನಡೆಯುತ್ತಿದ್ದದ್ದು ಅಲ್ ಕೂಜ್‌ನ ಒಂದು ಶಾಲೆಯಲ್ಲಿ, ಗೋಡೌನುಗಳ ಸಾಲು ಮುಗಿಯುವಲ್ಲಿ. ರಜೆಯ ದಿನವಾದರೂ ಗ್ಯಾರೇಜುಗಳಲ್ಲಿ ಕುಟ್ಟುವ ಸದ್ದು ಕೇಳುತ್ತಿತ್ತು.

ಪಂದ್ಯದ ಹಾಲಿನೊಳಗೆ ಪೋಷಕರಿಗೆ ಪ್ರವೇಶವಿಲ್ಲ ಎಂದು ಅಲ್ಲಿ ಹೋದ ಮೇಲೆ ಗೊತ್ತಾಯಿತು. ನಮ್ಮನ್ನು ಕ್ಯಾಂಟೀನಿಗೆ ಕಳಿಸಿದರು. ಬಾಗಿಲಿನ ಗಾಜಿಗೂ ಒಳಗಿನಿಂದ ಕಾಗದ ಅಂಟಿಸಿದ್ದರು. ಆಗ ನನಗೆ ಹೊಳೆಯಿತು: ಆ ಹಾಲಿನಲ್ಲಿ ಇರುವ ಒಬ್ಬರಿಗೂ ಇವಳ ಕಾಯಿಲೆ ಗೊತ್ತಿಲ್ಲ. ನಮ್ಮ ಪಿ.ಟಿ. ಸರ್ ಅವತ್ತು ಫುಟ್‌ಬಾಲ್ ಟೀಮಿನ ಜೊತೆ ಬೇರೆ ಕಡೆ ಹೋಗಿದ್ದರು. ಚೆಸ್ ಟೀಮಿನ ಜೊತೆ ಬಂದ ಹೊಸ ಟೀಚರಿಗೆ ನಾನು ಹೇಳಿರಲಿಲ್ಲ. ಯಾರಿಗೂ ಹೇಳಬಾರದು ಎಂದು ಕಟ್ಟು ಹಾಕಿದವಳು ನಾನೇ. ಕುರ್ಚಿಯ ಮೇಲೆ ಕೂರಿಸಿದರೆ ಸಾಕು ಎಂದುಕೊಂಡಿದ್ದೆ. ಆ ಕುರ್ಚಿಯಿಂದ ಬಿದ್ದರೆ ಏನು ಮಾಡಬೇಕೆಂದು ತಿಳಿದವರು ಮಾತ್ರ ಒಳಗೆ ಯಾರೂ ಇಲ್ಲ.

ಕ್ಯಾಂಟೀನಿನಲ್ಲಿ ನನ್ನ ಮೇಜಿಗೆ ಬಂದು ಕುಳಿತವರು ಇನ್ನೊಂದು ಶಾಲೆಯ ಹುಡುಗನ ತಾಯಿ. ನನ್ನ ಫೋನಿನ ಮಾತು ಕೇಳಿ ಊರಿನವಳೆಂದು ಗುರುತಿಸಿ ಬಂದಿದ್ದರು. ಬಾರ್ಕೂರು ಕಡೆಯವರು, ಮನೆಮಾತು ಕೊಂಕಣಿ, ದುಬೈಯ ಆಸ್ಪತ್ರೆಯೊಂದರಲ್ಲಿ ನರ್ಸ್. ಫ್ಲಾಸ್ಕಿನಿಂದ ನನಗೂ ಚಹಾ ಬಗ್ಗಿಸಿದರು. ಮೊದಲ ಸುತ್ತು ಮುಗಿಸಿ ಮಗಳು ಬಂದಳು, ಗೆದ್ದಿದ್ದಳು. ಎರಡನೆಯದರಲ್ಲಿ ಸೋತಳು. ಊಟದ ಹೊತ್ತಿಗೆ ಚಪಾತಿ ರೋಲ್ ತಿಂದು ಮತ್ತೆ ಒಳಗೆ ಹೋದಳು. ಪ್ರತಿ ಸಲ ಅವಳು ಬಾಗಿಲಿನಲ್ಲಿ ಕಂಡಾಗ ಉಸಿರು ಬಿಡುತ್ತಿದ್ದೆ, ಬಾಗಿಲು ಮುಚ್ಚಿದಾಗ ಮತ್ತೆ ಹಿಡಿಯುತ್ತಿದ್ದೆ.

ಕೊನೆಯ ಸುತ್ತಿನಲ್ಲಿ ಒಬ್ಬೊಬ್ಬರೇ ಮಕ್ಕಳು ಹೊರಗೆ ಬಂದರು. ನರ್ಸಮ್ಮನ ಮಗನೂ ಬಂದ. ನಮ್ಮ ಶಾಲೆಯ ಉಳಿದವರೂ ಬಂದರು. ಇವಳು ಬರಲಿಲ್ಲ. ನಾನು ಎದ್ದು ಹಾಲಿನ ಬಾಗಿಲ ಹತ್ತಿರ ಹೋಗಿ ನಿಂತೆ. ಒಳಗಿನಿಂದ ಕುರ್ಚಿ ಎಳೆದ ಸದ್ದು ಕೇಳಿತು. ಮತ್ತೆ ಬಾಗಿಲು ತೆರೆದು ತೀರ್ಪುಗಾರ್ತಿ ಹೊರಗೆ ಬಂದರು, ಕೊರಳಲ್ಲಿ ಬ್ಯಾಡ್ಜ್ ತೂಗುಹಾಕಿಕೊಂಡ, ನರೆಗೂದಲಿನ ತಮಿಳು ಹೆಂಗಸು. ಅತ್ತಿತ್ತ ನೋಡಿ, ನೇರ ನನ್ನ ಕಡೆಗೇ ಬಂದು, ನೀವು ಆ ಹುಡುಗಿಯ ತಾಯಿಯಾ ಎಂದು ಕೇಳಿದರು. ಬ್ಯಾಗಿನೊಳಗೆ ಕೈ ಹಾಕಿ ಔಷಧ ಹುಡುಕತೊಡಗಿದೆ.

ಅವರು ನನ್ನ ಮೊಣಕೈ ಹಿಡಿದು ಇಂಗ್ಲಿಷಿನಲ್ಲಿ ಹೇಳಿದರು, "ಏನೂ ಆಗಿಲ್ಲ. ಆಟ ಇನ್ನೂ ನಡೀತಾ ಇದೆ. ತಡವಾದರೆ ಅಮ್ಮ ಹೆದರ್ತಾಳೆ, ಒಂದು ಮಾತು ಹೇಳಿ ಅಂತ ಬೆಳಿಗ್ಗೆಯೇ ಕೇಳಿಕೊಂಡಿದ್ದಳು."

ನಾನು ಬಾಯಿ ತೆರೆಯುವ ಮೊದಲೇ ಉಳಿದದ್ದನ್ನೂ ಹೇಳಿದರು. ಮೊದಲ ಸುತ್ತಿಗೆ ಮುಂಚೆ ಮಗಳು ಅವರ ಹತ್ತಿರ ಹೋಗಿ, ತನಗೆ ಫಿಟ್ಸ್ ಇದೆ, ಮಾತ್ರೆ ತೆಗೆದುಕೊಂಡಿದ್ದೇನೆ, ಅಕಸ್ಮಾತ್ ಬಿದ್ದರೆ ಮಗ್ಗುಲಿಗೆ ಮಲಗಿಸಿ, ಹಿಡಿದು ಒತ್ತಬೇಡಿ, ಬಾಯಿಗೆ ಏನೂ ಹಾಕಬೇಡಿ, ಔಷಧ ಹೊರಗೆ ಅಮ್ಮನ ಬ್ಯಾಗಿನಲ್ಲಿದೆ ಎಂದಳಂತೆ. ಇಷ್ಟು ಚೆನ್ನಾಗಿ ಕಲಿಸಿದ್ದೀರಿ ಎಂದು ನನ್ನನ್ನು ಹೊಗಳಿ ಒಳಗೆ ಹೋದರು. ನಾನು ಕಲಿಸಿದ್ದು ಅದರ ತದ್ವಿರುದ್ಧ.

ತಿರುಗಿ ಬಂದು ನರ್ಸಮ್ಮನ ಎದುರು ಕುಳಿತೆ. ನನ್ನ ಮುಖ ನೋಡಿ ಎಂತಾಯ್ತು ಮಾರಾಯ್ತಿ ಎಂದರು. ಎಲ್ಲವನ್ನೂ ಹೇಳಿದೆ. ಮನೆಯವರು, ಶಾಲೆಯ ಆ ಮೂವರ ಹೊರತಾಗಿ, ನಾನಾಗಿಯೇ ಯಾರಿಗಾದರೂ ಹೇಳಿದ್ದು ಅದೇ ಮೊದಲು. ಅವರು ಅಯ್ಯೋ ಪಾಪ ಅನ್ನಲಿಲ್ಲ. ಯಾವ ಮಾತ್ರೆ, ನಿದ್ದೆ ಜಾಸ್ತಿ ಬರ್ತದಾ ಎಂದು ಕೇಳಿದರು. ನಮ್ಮಲ್ಲಿ ದಿನಾ ಇಂಥವರನ್ನು ನೋಡ್ತೇವೆ, ಆಫೀಸಿಗೆ ಹೋಗ್ತಾರೆ, ಮಕ್ಕಳನ್ನು ಸಾಕ್ತಾರೆ, ನೀವು ಮೊದಲು ಚಹಾ ಕುಡೀರಿ ಎಂದರು. ಚಹಾ ಆರಿಹೋಗಿತ್ತು, ಆದರೂ ಕುಡಿದೆ.

ಕೊನೆಗೂ ಮಗಳು ಬಂದಳು. ಡ್ರಾ ಆಯಿತು, ತನ್ನ ಕುದುರೆ ಒಂದು ಮೂಲೆಯಲ್ಲಿ ಸಿಕ್ಕಿಹಾಕಿಕೊಂಡಿತ್ತು, ಇಲ್ಲದಿದ್ದರೆ ಗೆಲ್ಲುತ್ತಿದ್ದೆ ಎಂದು ಇಂಗ್ಲಿಷಿನಲ್ಲಿ ಬಡಬಡ ಹೇಳಿದಳು. ಹಸಿವಾಗುತ್ತಿದೆ ಎಂದಳು. ಬಸ್ಸಿನಲ್ಲಿ ಅವಳನ್ನು ನನ್ನ ಪಕ್ಕ ಕೂರಿಸಿಕೊಂಡು ನಮ್ಮ ಮನೆಮಾತು ತುಳುವಿನಲ್ಲಿ ಮೆಲ್ಲ ಕೇಳಿದೆ, ಬೇರೆ ಯಾರಿಗೆಲ್ಲ ಹೇಳಿದ್ದೀ?

ಎಲ್ಲರಿಗೂ, ಅಂದಳು. ಜನವರಿಯಲ್ಲಿ ಬಿದ್ದಾಗ ಬ್ಯಾಡ್ಮಿಂಟನ್ ಹುಡುಗಿಯರೆಲ್ಲ ಅಲ್ಲೇ ಇದ್ದರಲ್ಲ, ಅವರು ಕಂಡದ್ದನ್ನು ಹೇಗೆ ಮುಚ್ಚಿಡುವುದು? ಆಸ್ಪತ್ರೆಯಿಂದ ಶಾಲೆಗೆ ಹೋದ ದಿನವೇ ಹೇಳಿದಳಂತೆ. ಅವರಲ್ಲಿ ಒಬ್ಬಳು ಬಿದ್ದವಳಂತೆ ನಟಿಸಿ, ಉಳಿದವರು ಮಗ್ಗುಲಿಗೆ ಮಲಗಿಸಿ, ನರ್ಸನ್ನು ಕರೆಯಲು ಯಾರು ಓಡುವುದೆಂದು ತೀರ್ಮಾನಿಸಿ, ಒಂದು ಮಧ್ಯಾಹ್ನ ನಗಾಡಿಕೊಂಡೇ ಅಭ್ಯಾಸ ಮಾಡಿದ್ದರಂತೆ.

"ನನಗೆ ಯಾಕೆ ಹೇಳಲಿಲ್ಲ?"

"ಯಾರಿಗೂ ಗೊತ್ತಿಲ್ಲ ಅಂತ ನೀನು ಸಮಾಧಾನದಲ್ಲಿದ್ದೆಯಲ್ಲ ಅಮ್ಮ," ಎಂದಳು. ಈ ಸಲ ತುಳುವಿನಲ್ಲೇ.

ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಅಳು ಬಂತು, ಆದರೆ ಅದು ದುಃಖದ್ದಲ್ಲ. ಎಷ್ಟೋ ತಿಂಗಳಿಂದ ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದ ಬಾಗಿಲಿನ ಆಚೆ ಯಾರೂ ತಳ್ಳುತ್ತಲೇ ಇರಲಿಲ್ಲ. ಮಗಳು ನನ್ನ ಬ್ಯಾಗಿನಿಂದ ಬಿಸ್ಕತ್ತು ತೆಗೆದು ಇಡೀ ಪ್ಯಾಕೆಟ್ ಖಾಲಿ ಮಾಡಿದಳು.

ಮರುದಿನವೇ ಪಿ.ಟಿ. ಸರ್‌ಗೆ ಫೋನ್ ಮಾಡಿದೆ. ಟೀಮಿನ ಆಯ್ಕೆ ಮುಗಿದುಹೋಗಿದೆ, ಬದಲಿ ಆಟಗಾರ್ತಿಯಾಗಿ ಬರಬಹುದು, ಜಾಗ ಬೇಕಾದರೆ ಆಡಿ ಗಳಿಸಬೇಕು ಎಂದರು. ಅವರು ಕನಿಕರ ತೋರಿಸದೆ ಹಾಗೆ ಹೇಳಿದ್ದು ನನಗೆ ಹಿತವೆನಿಸಿತು. ಮಗಳಿಗೆ ಹೇಳಿದಾಗ ಮಂಚದ ಅಡಿಗೆ ತೂರಿ, ಮೈಯೆಲ್ಲ ಧೂಳು ಮಾಡಿಕೊಂಡು ರ್‍ಯಾಕೆಟ್ ಹೊರಗೆಳೆದಳು. ಗಂಡನಿಗೆ ಮೆಸೇಜ್ ಮಾಡಿದೆ. "ಖಲಾಸ್, ಇನ್ನು ನೀನೂ ಸ್ವಲ್ಪ ಆಡು" ಎಂದು ಉತ್ತರ ಬಂತು.

ಡಬಲ್ಸ್ ಆಡುತ್ತಿದ್ದ ಹುಡುಗಿಯೊಬ್ಬಳ ಕಾಲು ಉಳುಕಿ, ಅಬುಧಾಬಿಯಲ್ಲೇ ನಡೆದ ಎರಡನೇ ಪಂದ್ಯಕ್ಕೆ ಇವಳಿಗೆ ಜಾಗ ಸಿಕ್ಕಿತು. ನಾನೂ ಗಂಡನೂ ಗ್ಯಾಲರಿಯಲ್ಲಿ ಕುಳಿತಿದ್ದೆವು. ಎರಡನೇ ಗೇಮಿನಲ್ಲಿ ನೆಟ್ಟಿನ ಹತ್ತಿರದ ಶಟಲಿಗೆ ಚಾಚಿ ಹೋದವಳು ಕಾಲು ಜಾರಿ ದೊಪ್ಪೆಂದು ಬಿದ್ದಳು. ನಾನು ಎದ್ದು ನಿಂತೆ. ಗಂಡ ನನ್ನ ಕೈ ಹಿಡಿದರು, ಅವರ ಕೈಯೂ ತಣ್ಣಗಿತ್ತು. ಅವಳು ನೆಲದಲ್ಲಿದ್ದುಕೊಂಡೇ ತಲೆ ಎತ್ತಿ, ಶಟಲ್ ಒಳಗೆ ಬಿತ್ತಾ ಹೊರಗಾ ಎಂದು ಅಂಪೈರನ್ನು ಕೇಳಿದಳು. ಹೊರಗೆ ಎಂದರು. ಮೊಣಕಾಲು ಉಜ್ಜಿಕೊಂಡು ಎದ್ದು ಸರ್ವ್ ಮಾಡಲು ಹೋದಳು. ಪಂದ್ಯ ಸೋತರು. ಹುಡುಗಿಯರು ಅದಕ್ಕೆ ಒಬ್ಬರ ಮೇಲೊಬ್ಬರು ತಪ್ಪು ಹಾಕುತ್ತಾ ಐಸ್‌ಕ್ರೀಮ್ ತಿಂದರು.

ನವೆಂಬರಿನ ಒಂದು ಶನಿವಾರ ಮತ್ತೆ ದುಬೈಗೆ ಬಸ್ಸು ಹೊರಟಿತು. ಈ ಸಲ ಪೋಷಕರು ಬೇಕೇ ಎಂದು ನಾನು ಕೇಳಲಿಲ್ಲ. ಔಷಧವನ್ನು ಟೀಚರ್ ಕೈಗೆ ಕೊಟ್ಟು, ಯಾವಾಗ ಹೇಗೆ ಹಾಕಬೇಕೆಂದು ಬಾಯಿಬಿಟ್ಟು ಹೇಳಿ, ಮನೆಗೆ ಬಂದೆ. ಗಂಡನಿಗೆ ಆ ವಾರ ರಜೆ ಸಿಕ್ಕಿರಲಿಲ್ಲ. ಒಬ್ಬಳೇ ಗಂಜಿ ಉಂಡು, ಸುಮ್ಮನೆ ಕಾಲು ಚಾಚೋಣ ಎಂದು ಸೋಫಾದ ಮೇಲೆ ಒರಗಿದೆ. ಎಚ್ಚರವಾದಾಗ ಕಿಟಕಿಯ ಬಿಸಿಲು ಗೋಡೆ ಹತ್ತಿತ್ತು, ಯಾರೋ ಒಂದೇ ಸಮನೆ ಬೆಲ್ ಒತ್ತುತ್ತಿದ್ದರು. ಬಾಗಿಲು ತೆರೆದರೆ ಮಗಳು ಭುಜದ ಮೇಲೆ ಬ್ಯಾಗು ಹೊತ್ತು ಸಿಟ್ಟಿನಲ್ಲಿ ನಿಂತಿದ್ದಳು.

"ಎಷ್ಟು ಹೊತ್ತಿಂದ ಬೆಲ್ ಮಾಡ್ತಿದ್ದೇನೆ ಅಮ್ಮ, ಹೆದರಿಕೆ ಆಯ್ತು ನನಗೆ," ಎಂದಳು.

ನಿದ್ದೆ ಬಂದಿತ್ತು ಮಗಾ ಎಂದೆ.