ಅಮೃತಮ್ಮನ ಬಾಯಲ್ಲಿ ಉಳಿದ ಗಾದೆಗಳು

ಕಕ್ಕೇರಾದಲ್ಲಿ ಹೊಸ ಸೊಸೆ ಹೊಸ್ತಿಲಿಗೆ ಬಂದರೆ, ಒಡಪು ಕಟ್ಟಿ ಅದರಲ್ಲಿ ಗಂಡನ ಹೆಸರು ಹೇಳದ ಹೊರತು ಒಳಗೆ ಬಿಡುವುದಿಲ್ಲ. ಬಾಯಿ ಬಾರದೆ ನಿಂತ ಹುಡುಗಿಯರ ಕಿವಿಯಲ್ಲಿ ಒಡಪು ಉಸುರುತ್ತಿದ್ದವಳು ಅಂಗನವಾಡಿಯಲ್ಲಿ ಅಡುಗೆ ಮಾಡುವ ಅಮೃತಮ್ಮ. ಒಡಪಿನಲ್ಲಿ ಸ್ವಂತ ಗಂಡನನ್ನೂ ಬಿಟ್ಟವಳಲ್ಲ: “ದೋರನಹಳ್ಳಿ ಹೊಲಕ್ಕ ಬೆದರಗೊಂಬಿ ಕಾವಲ, ಯಂಕಣ್ಣನ ಗೊರಕಿಗೆ ನಾನೇ ಕಾವಲ.”

ಹೈಸ್ಕೂಲಿನ ಕನ್ನಡ ಟೀಚರ್ ದೇವಿಕಾ ಇಪ್ಪತ್ತು ವರ್ಷ ಅವಳ ಗೆಳತಿ. ಅವಳ ಗಾದೆ, ಒಡಪು, ನಗೆಚಾಟಿಕೆಗಳನ್ನೆಲ್ಲ ಬರೆದುಕೊಂಡು, ಮೊದಲ ನೋಟ್‌ಬುಕ್ಕಿನ ಮೇಲೆ ‘ಗಾದೆಗಳು’ ಎಂದು ಹೆಸರಿಟ್ಟು ಬೈಸಿಕೊಂಡಿದ್ದಳು.

“ಎಲ್ಲಾ ಒಂದೇ ಗಾಣಕ್ಕ ಹಾಕಿ ಹಿಂಡೀದಿ ನೋಡು, ಟೀಚರವ್ವ. ಗಾದಿ ಊರಿಂದು, ಅದರಾಗ ನಂದೇನದ? ಒಡಪಿನ್ಯಾಗ ನನ್ನ ಗಂಡ ಅದಾನ. ಚಾಷ್ಟಿ ಮಾತು ನಿನ್ನ ಮಾರಿ ನೋಡಿದ ಕೂಡ್ಲೆ ಹುಟ್ಟತದ. ಅದು ನಿಂದು, ನಂದು.”

“ಬರದಿಟ್ರ?”

“ಸಪ್ಪಗಾಗ್ತದ.”

ಹೋದ ವರ್ಷ ಅಮೃತಮ್ಮನಿಗೆ ಲಕ್ವಾ ಹೊಡೆಯಿತು. ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ ಏಳುತ್ತಿರಲಿಲ್ಲ. ‘ನೀರು’ ಎಂಬ ಶಬ್ದವೂ ಹೊರಡುತ್ತಿರಲಿಲ್ಲ. ಗಾದೆಗಳು ಮಾತ್ರ ಒಂದಕ್ಷರ ತಪ್ಪದೆ ಬರುತ್ತಿದ್ದವು. ಸಾವಿರ ಸಲ ಆಡಿದ್ದು ನಾಲಿಗೆಯಲ್ಲಿ ಉಳಿಯುತ್ತದೆ, ಹೊಸದಾಗಿ ಕಟ್ಟಬೇಕಾದದ್ದು ಹೋಗುತ್ತದೆ ಎಂದು ಡಾಕ್ಟರು ದೇವಿಕಾಗೆ ತಿಳಿಸಿದ್ದರು. ಅಮೃತಮ್ಮನ ಮಗ ದೇವಿಂದ್ರನಿಗೆ ಅದು ಹಿಡಿಸಲಿಲ್ಲ.

“ಅವ್ವ ಮೊದಲಿನಂಗ ಮಾತಾಡಾಕತ್ತಾಳ್ರಿ!” ಎನ್ನುತ್ತಿದ್ದ. ಒಂದೊಂದು ಗಾದೆಗೂ ಅರ್ಥ ಹಚ್ಚುತ್ತಿದ್ದ. ಎತ್ತಿನ ಗಾದೆ ಬಂದ ದಿನ ಕೊಟ್ಟಿಗೆಗೆ ಓಡಿಹೋಗಿ ಎತ್ತುಗಳ ಮೈ ತಡವಿ ಬಂದ. ಅವಳಿಗೆ ಆಗ ಬೇಕಿದ್ದದ್ದು ಮಗ್ಗಲು ಬದಲಿಸುವುದು.

ಒಂದು ಮಧ್ಯಾಹ್ನ ಅಮೃತಮ್ಮ ಎಡಗೈಯಿಂದ ದೇವಿಕಾಳ ಮಣಿಕಟ್ಟು ಬಿಗಿಹಿಡಿದಳು.

“ನೀರು ಬೇಕ?” ಅಲ್ಲವೆಂದು ತಲೆಯಾಡಿಸಿದಳು.

“ಯಂಕಣ್ಣಗ ಕರೀಲೇನು?” ಅದೂ ಅಲ್ಲ.

ದೇವಿಕಾಳ ಎದೆ ಮುಟ್ಟಿದಳು, ತನ್ನ ಎದೆ ಮುಟ್ಟಿಕೊಂಡಳು, ತುಟಿ ತೆರೆದಳು. ಬಂದದ್ದು ಅಳಿಯನ ಮೇಲಿನ ಒಂದು ಗಾದೆ. ದೇವಿಕಾಗೆ ಮಕ್ಕಳೇ ಇಲ್ಲ. ಅಮೃತಮ್ಮ ಪಟಪಟನೆ ತನ್ನ ಬಾಯಿಗೆ ಹೊಡೆದುಕೊಂಡಳು. ಮತ್ತೆ ಉಸಿರು ಹಿಡಿದಳು. ಮತ್ತೆ ಅದೇ ಗಾದೆ.

ಬಾಗಿಲಲ್ಲಿ ನಿಂತಿದ್ದ ದೇವಿಂದ್ರ ನಕ್ಕ. “ನಿಮ್ಮ ಕೂಡ ಚಾಷ್ಟಿ ಬಿಟ್ಟಿಲ್ಲ ನೋಡ್ರಿ ಅವ್ವ.”

“ನಗಬ್ಯಾಡೋ,” ಎಂದಳು ದೇವಿಕಾ. ಆ ಕೈ ಹಿಡಿದು ಕೂತಳು.

ಆ ವಾರವೇ ಅಮೃತಮ್ಮ ತೀರಿಕೊಂಡಳು. ಮಣ್ಣಿಗೆ ಬಂದವರೆಲ್ಲ, ಕಡೇ ಗಳಿಗೆಯವರೆಗೂ ಮಾತಾಡುತ್ತಲೇ ಹೋದ ಪುಣ್ಯವಂತೆ ಎಂದರು. ದೇವಿಂದ್ರ ಕೆಂಪಗಾದ ಕಣ್ಣು ಒರೆಸಿಕೊಂಡು ದೇವಿಕಾಳ ಕಡೆ ತಿರುಗಿದ.

“ಹೌದಲ್ರಿ ಟೀಚರ್?”

“ಹೌದಪ್ಪ,” ಎಂದಳು ದೇವಿಕಾ.