ಅಕ್ಕ ಕೂಡಿಸಿದ ಹುಡುಗಿ

ಪುಸ್ತಕದಂಗಡಿಗೆ ಹೋದರೆ ನಾನು ಮಕ್ಕಳ ಪುಸ್ತಕಗಳ ಮುಂದೆ ನಿಂತು ಚಿತ್ರದಲ್ಲಿರುವವರ ಕಾಲು ನೋಡುತ್ತೇನೆ. ಮುಖ ಆಮೇಲೆ. ತಿರುಪ್ಪೂರಿನಲ್ಲಿ ವರ್ಷಕ್ಕೊಮ್ಮೆ ಪುಸ್ತಕದ ಮಳಿಗೆಗಳು ಸಾಲಾಗಿ ಏಳುತ್ತವೆ. ಅಲ್ಲಿ ಗಂಟೆಗಟ್ಟಲೆ ಹೀಗೆ ಹಾಳೆ ತಿರುವುತ್ತಾ ನಿಂತರೆ ಅಂಗಡಿಯವನು ಸುಮ್ಮನಿರುತ್ತಾನೆಯೇ? "ಪೇರನುಕ್ಕಾ ಅಮ್ಮಾ?" ಅನ್ನುತ್ತಾನೆ. ಮೊಮ್ಮಗನಿಗಾ ಅಂತ. ನನಗೆ ಮೊಮ್ಮಗನೂ ಇಲ್ಲ, ಮಗನೂ ಇಲ್ಲ, ಮದುವೆಯೇ ಆಗಲಿಲ್ಲ, ಅದೆಲ್ಲ ಅವನಿಗೇಕೆ? "ಆಮಾ", ಹೌದು, ಎಂದುಬಿಟ್ಟು ಮುಂದಿನ ಪುಸ್ತಕ ಎತ್ತಿಕೊಳ್ಳುತ್ತೇನೆ. ಎಷ್ಟೋ ಚಿತ್ರಕಾರರು ಮಕ್ಕಳ ಕಾಲನ್ನು ಹುಲ್ಲಿನಲ್ಲಿ ಮುಚ್ಚಿಬಿಡುತ್ತಾರೆ, ಸೋಮಾರಿಗಳು. ನಾನು ಹುಡುಕುತ್ತಿದ್ದದ್ದು ನನ್ನಂಥ ಕಾಲಿನ ಒಬ್ಬ ಹುಡುಗಿಯನ್ನು. ಚಿಕ್ಕಂದಿನಲ್ಲಿ ಅವಳು ನನಗೆ ಬಹಳ ಬೇಕಾದವಳಾಗಿದ್ದಳು.

ನನ್ನ ಎಡಗಾಲು ಪೋಲಿಯೋ ಕಾಲು. ನಡೆಯಲು ಕಲಿಯುವ ಹೊತ್ತಿಗೆ ಜ್ವರ ಬಂತಂತೆ, ಹೋಗುವಾಗ ಕಾಲಿನ ಶಕ್ತಿಯನ್ನೂ ಕರೆದುಕೊಂಡು ಹೋಯಿತು. ಅವಿನಾಶಿಯ ಪಕ್ಕದ ನಮ್ಮ ಬೀದಿಯಲ್ಲಿ ಮನೆಮನೆಗೂ ಮಗ್ಗ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಬಲ್ಲವರು ಇಡೀ ಬೀದಿಯಲ್ಲಿ ಒಬ್ಬರೂ ಇರಲಿಲ್ಲ. ಈಗ ನಾನು ಬರೆಯುತ್ತಿರುವ ಈ ಅಕ್ಷರಗಳನ್ನು ಕಲಿಸಿದವಳು, ಬನಿಯನ್ ಕಂಪನಿಯ ಚೆಕಿಂಗ್ ವಿಭಾಗದಲ್ಲಿ ನನ್ನ ಪಕ್ಕ ಕೂರುತ್ತಿದ್ದ ಚಾಮರಾಜನಗರದ ಕಡೆಯ ಹೆಂಗಸು. ಆ ಮಾತು ಇರಲಿ. ಶಾಲೆ ದೂರ, ಹೊತ್ತುಕೊಂಡು ಹೋಗುವವರಿಲ್ಲ ಎಂದು ನನ್ನನ್ನು ಬಹಳ ದಿನ ಮನೆಯಲ್ಲೇ ಇಟ್ಟುಕೊಂಡರು. ಹಗಲೆಲ್ಲ ಜಗಲಿಯ ಮೇಲೆ ಕೂತು, ಹೋಗಿಬರುವ ಹೆಂಗಸರಿಂದ "ಅಯ್ಯೋ ಪಾವಂ" ಅನ್ನಿಸಿಕೊಳ್ಳುವುದು ನನ್ನ ಕೆಲಸ. ಆ ಮಾತು ಕೇಳಿದರೆ ಈಗಲೂ ನನಗೆ ಮೈ ಉರಿಯುತ್ತದೆ.

ಸಂಜೆಯಾದರೆ ಅಕ್ಕ ಬರುತ್ತಿದ್ದಳು. ಶಾಲೆಯಿಂದ ಬಂದವಳೇ ಅವಳು ರಾಟೆಯ ಮುಂದೆ ಕೂತು ಅಪ್ಪನ ಲಾಳಿಯೊಳಗೆ ಕೂರುವ ಕಂಡಿಕೆಗಳಿಗೆ ನೂಲು ಸುತ್ತಬೇಕು. ಬಲಗೈ ರಾಟೆ ತಿರುಗಿಸಲಿಕ್ಕೆ, ಎಡಗೈ ನೂಲು ಹಿಡಿಯಲಿಕ್ಕೆ. ಶಾಲೆಯ ಲೈಬ್ರರಿಯಿಂದ ತಂದ ಪುಸ್ತಕ ಹಿಡಿಯಲು ಮೂರನೆಯ ಕೈ ನಾನೇ. ನೆಲದ ಮೇಲೆ ಬಿಚ್ಚಿಟ್ಟು ಅಂಚು ಒತ್ತಿಕೊಂಡಿರಬೇಕು, ಅವಳು "ತಿರುವು" ಅಂದಾಗ ಹಾಳೆ ತಿರುವಬೇಕು. ರಾಟೆಯ ಗರಗರ ಸದ್ದು, ಹಿತ್ತಲಿಂದ ಗಂಜಿಯ ಹುಳಿ ವಾಸನೆ, ನಡುವೆ ಅಕ್ಕನ ದನಿ. ಅಂಥ ಸುಖ ಮತ್ತೆ ನನಗೆ ಸಿಗಲಿಲ್ಲ ಅಂದರೆ ಸುಳ್ಳಲ್ಲ.

ಅಕ್ಕ ಓದಿದ ಪುಸ್ತಕಗಳಲ್ಲೆಲ್ಲ ಒಬ್ಬ ಕುಂಟು ಹುಡುಗಿ ಇರುತ್ತಿದ್ದಳು. ಹುಡುಗಿಗೆ ನಮ್ಮ ಕಡೆ ಪುಳ್ಳೆ ಅನ್ನುತ್ತೇವೆ. ರಾಜ ಬೇಟೆಗೆ ಹೊರಟರೆ ದಾರಿಯಲ್ಲಿ ಈ ಪುಳ್ಳೆ ಹುಣಸೆಕಾಯಿ ಕದಿಯುತ್ತಿದ್ದಳು. ಹುಲಿಗೂ ನರಿಗೂ ಜಗಳವಾದರೆ ಇವಳು ಬಂಡೆಯ ಮೇಲೆ ಕೂತು ಇಬ್ಬರನ್ನೂ ಬೈಯುತ್ತಿದ್ದಳು. ಮಹಾ ಬಾಯಿಬಡಕಿ, ಸುಳ್ಳಿ. ಒಮ್ಮೆಯಂತೂ ಮೇಷ್ಟರ ಕೈ ಕಚ್ಚಿಬಿಟ್ಟಳು! ಆವತ್ತು ನಾನು ನಕ್ಕು ನಕ್ಕು ನೂಲುಂಡೆಗಳ ಬುಟ್ಟಿಯನ್ನೇ ಕೆಡವಿದೆ. ಪುಸ್ತಕಗಳು ನಮ್ಮ ಮನೆಯ ಮಾತನ್ನೇ ಆಡುತ್ತವೆ, ಅದರಲ್ಲಿ ನನ್ನಂಥವರು ಇದ್ದೇ ಇರುತ್ತಾರೆ ಎಂದು ನಾನು ನಂಬಿದ್ದೆ. ಅಕ್ಕ ತಮಿಳು ಓದಿ, ಕನ್ನಡದಲ್ಲಿ ಹೇಳುತ್ತಿದ್ದಾಳೆ ಎಂಬುದು ಜಗಲಿ ಬಿಟ್ಟು ಇಳಿಯದ ನನಗೆ ಹೇಗೆ ತಿಳಿಯಬೇಕು?

ಕೊನೆಗೆ ಕೊಯಮತ್ತೂರಿನ ಆಸ್ಪತ್ರೆಯಿಂದ ಕ್ಯಾಲಿಪರ್ ಬಂತು. ಎರಡು ಕಬ್ಬಿಣದ ಸರಳು, ತೊಡೆಗೂ ಮೀನಖಂಡಕ್ಕೂ ಚರ್ಮದ ಪಟ್ಟಿ, ಕೆಳಗೆ ದಪ್ಪ ಅಡಿಯ ಬೂಟು. ಬೆಳಿಗ್ಗೆ ಅದನ್ನು ಕಟ್ಟುತ್ತಿದ್ದವಳೂ ಅಕ್ಕನೇ. ಪಟ್ಟಿಯ ಬಕಲು ಕಾಲಿನ ಹೊರಗಡೆಗೇ ಬರಬೇಕು, ಒಳಗಡೆ ಬಂದರೆ ಇನ್ನೊಂದು ತೊಡೆ ಉಜ್ಜಿ ಹುಣ್ಣಾಗುತ್ತದೆ. ಅವ್ವ ಒಂದೆರಡು ಸಲ ಒಳಗಡೆಗೆ ಕಟ್ಟಿ ಅಕ್ಕನಿಂದ ಬೈಸಿಕೊಂಡಳು. ಹೀಗೆ ಕಟ್ಟಿಸಿಕೊಂಡು ನಾನು ಶಾಲೆಗೆ ಹೋದೆ, ತಮಿಳು ಅಕ್ಷರ ಕಲಿತೆ, ಕಲಿತ ಕೂಡಲೇ ಆ ಪುಳ್ಳೆಯನ್ನು ಹುಡುಕಿದೆ.

ಅವಳು ಎಲ್ಲೂ ಇರಲಿಲ್ಲ. ಅಂಚು ಹರಿದ ಅದೇ ಪುಸ್ತಕಗಳು, ಅದೇ ರಾಜ, ಅದೇ ಹುಲಿ. ಕುಂಟರೇ ಇರಲಿಲ್ಲವೆಂದಲ್ಲ, ಇದ್ದರು. ಒಬ್ಬ ಗುಡಿಯ ಮುಂದೆ ಭಿಕ್ಷೆಗೆ ಕೂತಿದ್ದ, ಒಬ್ಬ ಕಳ್ಳರಿಗೆ ಸುದ್ದಿ ಕೊಡುತ್ತಿದ್ದ. ಒಬ್ಬಳು ಹುಡುಗಿಯೂ ಇದ್ದಳು. ಪುಸ್ತಕದುದ್ದಕ್ಕೂ ಒಂದು ಸುಳ್ಳು ಹೇಳದೆ, ಯಾರನ್ನೂ ಕಚ್ಚದೆ, ದೇವರಿಗೆ ಹೂವು ಏರಿಸಿ ಏರಿಸಿ, ಕಡೆಯ ಪುಟದಲ್ಲಿ ಕಾಲು ಸರಿಯಾಗಿ ಓಡಿಹೋದಳು. ನಾನು ಆ ಪುಟವನ್ನೇ ನೋಡುತ್ತಾ ಕೂತೆ. ನಾನೂ ಹೂವು ಏರಿಸಿದವಳೇ.

ಮನೆಗೆ ಬಂದವಳೇ ರಾಟೆಯ ಮುಂದೆ ಪುಸ್ತಕ ಎಸೆದೆ. "ಆ ಪುಳ್ಳೆ ಎಲ್ಲಿ?"

ಅಕ್ಕ ರಾಟೆ ನಿಲ್ಲಿಸಲಿಲ್ಲ. ಮುದ್ದು ಬಂದಾಗ ಅವಳು ನನ್ನನ್ನು ಕಣ್ಣು ಅಂತಲೇ ಕರೆಯುತ್ತಿದ್ದಳು. "ಬೇರೆ ಊರಿಗೆ ಹೋಗಿದಾಳೆ ಕಣ್ಣು. ಬರ್ತಾಳೆ."

"ಸುಳ್ಳು! ಎಲ್ಲಾ ನೀನೇ ಹೇಳಿದ್ದು. ಪುಸ್ತಕದಲ್ಲಿ ಇಲ್ಲವೇ ಇಲ್ಲ." ನಾನು ಕಿರುಚಿ ಅತ್ತೆ.

ಅಕ್ಕ ಕೊಟ್ಟ ಉತ್ತರ ತಿಳಿಯಬೇಕಾದರೆ ನಮ್ಮ ಬೀದಿಯ ಒಂದು ಪದ್ಧತಿ ಹೇಳಬೇಕು. ಬೆಳಗಿನ ಜಾವ ಹಾಸುನೂಲನ್ನು, ನಮ್ಮ ಮಾತಿನಲ್ಲಿ ಪಾವನ್ನು, ಬೀದಿಯುದ್ದಕ್ಕೂ ಬಿಗಿದು ಗಂಜಿ ಹಚ್ಚುತ್ತಾರೆ. ಆಗ ಯಾವುದಾದರೂ ಎಳೆ ಕಡಿದು ಜೋತಾಡುತ್ತಿದ್ದರೆ, ಕಂಡವರು ನಿಂತು ಕೂಡಿಸಿಯೇ ಮುಂದೆ ಹೋಗಬೇಕು. ಹಾಲು ತರುವವರಾಗಲಿ, ಮಾತು ಬಿಟ್ಟ ಮನೆಯವರಾಗಲಿ, ಯಾರ ಪಾವು ಎಂದು ಕೇಳುವ ಹಾಗಿಲ್ಲ. ಕಂಡೂ ದಾಟಿಹೋದವರನ್ನು ಬೀದಿ ಬಹಳ ದಿನ ಆಡಿಕೊಳ್ಳುತ್ತಿತ್ತು.

ಅಕ್ಕ ನೂಲು ಬಿಟ್ಟು ನನ್ನ ಮೂಗು ಒರೆಸಿದಳು. "ಅಲ್ಲಿ ಎಳೆ ಬಿಟ್ಟಿತ್ತು. ನನಗೆ ಕಂಡ್ತು, ಕೂಡಿಸ್ದೆ. ಅದಕ್ಯಾಕೆ ಅಳ್ತೀಯ?"

ನನಗೆ ಸಮಾಧಾನವಾಗಲಿಲ್ಲ. ಅಕ್ಕನ ಬಾಯಲ್ಲಿರುವುದು ಬೇರೆ, ಅಚ್ಚಾಗಿರುವುದು ಬೇರೆ. ಅಚ್ಚಾದರೆ ಆ ಪುಳ್ಳೆಯನ್ನು ಯಾರೂ ಅಳಿಸಲಾರರು. ಆವತ್ತಿನಿಂದ ಅವಳನ್ನು ಹುಡುಕುವುದು ನನಗೆ ಚಟವಾಯಿತು. ಕಂಪನಿಯಲ್ಲಿ ದಿನವಿಡೀ ಬನಿಯನ್ ತಿರುಗಿಸಿ ತೂತು ಹುಡುಕುವುದು, ರಜೆ ದಿನ ಪುಸ್ತಕ ತಿರುವಿ ಪುಳ್ಳೆಯನ್ನು ಹುಡುಕುವುದು. ಅಕ್ಕ ಮದುವೆಯಾಗಿ ಕೊಯಮತ್ತೂರಿನ ಪಕ್ಕದ ಕುರಿಚಿಗೆ ಹೋದಳು, ಭಾವ ಅಲ್ಲಿ ಫೌಂಡ್ರಿಯಲ್ಲಿದ್ದರು. ನಾನು ಹೋದಾಗಲೆಲ್ಲ ಅವಳು ಕಾಫಿ ಲೋಟ ಕೊಡುತ್ತಾ ಕೇಳುತ್ತಿದ್ದಳು, "ಏನು, ಊರಿಂದ ಬಂದ್ಲಾ ನಿನ್ನ ಪುಳ್ಳೆ?"

"ಬಸ್ಸು ಸಿಕ್ಕಿಲ್ಲವಂತೆ" ಅನ್ನುತ್ತಿದ್ದೆ.

ಕಳೆದ ಸಲದ ಪುಸ್ತಕ ಮಳಿಗೆಯಲ್ಲಿ ಆ ಪುಳ್ಳೆ ಸಿಕ್ಕಿದಳು. ತೆಳ್ಳಗಿನ ತಮಿಳು ಪುಸ್ತಕ. ಕಳೆದುಹೋದ ಮೇಕೆಮರಿಯನ್ನು ಹುಡುಕುತ್ತಾ ಒಬ್ಬ ಹುಡುಗಿ ಬೀದಿಯವರನ್ನೆಲ್ಲ ಗದರಿಸಿಕೊಂಡು ಹೋಗುತ್ತಾಳೆ. ಅವಳ ಕಾಲಿನಲ್ಲಿ ಕ್ಯಾಲಿಪರ್ ಇದೆ, ಹುಲ್ಲಿನಲ್ಲಿ ಮುಚ್ಚಿಲ್ಲ. ಕಡೆಗೆ ಮರಿ ಅವಳದೇ ಮಂಚದ ಕೆಳಗೆ, ಅವಳು ತಮ್ಮನಿಗೆ ಕೊಡದೆ ಬಚ್ಚಿಟ್ಟಿದ್ದ ದೋಸೆ ತಿನ್ನುತ್ತಿರುತ್ತದೆ. ಕಾಲು ಸರಿಯಾಗುವುದಿಲ್ಲ, ಯಾರೂ ಅಯ್ಯೋ ಅನ್ನುವುದಿಲ್ಲ. ನಾನು ಮಳಿಗೆಯಲ್ಲೇ ಅತ್ತೆ. ಅಂಗಡಿಯವನು ಗಾಬರಿಯಾಗಿ ಕುರ್ಚಿ ತಂದ.

ಆದರೆ ತೋರಿಸಬೇಕಾದವಳಿಗೆ ಕಣ್ಣು ಹೋಗಿತ್ತು. ಸಕ್ಕರೆ ಕಾಯಿಲೆ ಅಕ್ಕನ ಎರಡು ಕಣ್ಣನ್ನೂ ತಿಂದಿತ್ತು. ಭಾನುವಾರ ಕುರಿಚಿಗೆ ಹೋದೆ. ಅಕ್ಕ ಮಂಚದ ಮೇಲೆ ಮಲಗಿದ್ದಳು.

"ಅಕ್ಕ, ಆ ಪುಳ್ಳೆ ಬಂದ್ಲು."

"ಸುಮ್ಮೆ ಇರು" ಅಂದಳು. ನಾನು ನಮ್ಮ ಮಾತಿನಲ್ಲಿ ಹೇಳತೊಡಗಿದರೆ ತಡೆದಳು. "ಆ ಆಟ ನನಗೆ ಗೊತ್ತಿಲ್ವಾ? ಅದ್ರಲ್ಲಿ ಇರೋ ಹಂಗೇ ಓದು. ತಮಿಳಲ್ಲೇ."

ಓದಿದೆ. ಅಕ್ಕ ಕಿವಿಗೊಟ್ಟು ಕೇಳಿದಳು, ದೋಸೆ ಬಂದಾಗ ನಕ್ಕಳು. ಆಮೇಲೆ ಮುಖ ಗಂಟಿಕ್ಕಿದಳು. "ಇದ್ರಲ್ಲಿ ಕಾಲಿನ ಮಾತೇ ಇಲ್ವಲ್ಲ?"

"ಮಾತಿಲ್ಲ ಅಕ್ಕ, ಚಿತ್ರದಲ್ಲಿದೆ."

"ಹೂಂ. ನನಗೆ ಕಾಣಲ್ಲ ಅಂತ ನೀನೂ ಕೂಡಿಸ್ತಿದೀಯ. ಇರ್ಲಿ ಬಿಡು ಕಣ್ಣು, ಚೆನ್ನಾಗೇ ಕೂಡಿಸ್ದೆ."

ಇಷ್ಟು ವರ್ಷ ಹುಡುಕಿ ತಂದದ್ದನ್ನು ಅವಳೊಬ್ಬಳು ನಂಬದಿದ್ದರೆ, ಊರೆಲ್ಲ ನಂಬಿ ನನಗೇನಾಗಬೇಕು? ಅವಳ ಬೆರಳು ಹಿಡಿದು ಹಾಳೆಯ ಮೇಲಿಟ್ಟೆ. "ಇಲ್ಲಿ ಮಂಡಿ. ಇಲ್ಲಿಂದ ಇಲ್ಲಿಗೆ ಸರಳು. ಇದು ಮೇಲಿನ ಪಟ್ಟಿ." ನುಣುಪು ಕಾಗದ, ಅವಳಿಗೆ ಏನು ತಿಳಿಯಬೇಕು? ಅವಳ ಇನ್ನೊಂದು ಕೈಯನ್ನು ನನ್ನ ತೊಡೆಯ ಪಟ್ಟಿಯ ಮೇಲಿಟ್ಟುಕೊಂಡೆ. "ಇದೇ ಥರ."

ಅಕ್ಕನ ಬೆರಳು ತಾನಾಗಿಯೇ ನನ್ನ ಬಕಲನ್ನು ಹುಡುಕಿಕೊಂಡಿತು. "ಅವಳದು ಯಾವ ಕಡೆಗಿದೆ ಬಕಲು?"

ನಾನು ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. "ಒಳಗಡೆ."

"ಒಳಗಡೆಯಾ?" ಅಕ್ಕ ದಡಕ್ಕನೆ ಎದ್ದು ಕೂತಳು. "ಯಾವ ಮುಟ್ಟಾಳ ಬರೆದವನು? ತೊಡೆ ಉಜ್ಜಿ ಹುಣ್ಣಾಗಲ್ವಾ ಆ ಪುಳ್ಳೆಗೆ!"

ಅಷ್ಟು ಹೇಳಿ ನನ್ನ ಬಕಲನ್ನು ಮತ್ತೊಮ್ಮೆ ಮುಟ್ಟಿ ನೋಡಿದಳು.

"ನೀನೇ ಕೂಡಿಸಿದ್ದಿದ್ರೆ ಬಕಲು ಹೊರಗಡೆ ಹಾಕ್ತಿದ್ದೆ" ಅಂದಳು ಮೆಲ್ಲಗೆ.

"ಹೂಂ ಅಕ್ಕ."

ಅವಳ ಅಂಗೈ ಹಾಳೆಯ ಮೇಲೆಲ್ಲ ಓಡಾಡಿತು, ಮಗುವಿನ ತಲೆ ಸವರುವ ಹಾಗೆ. "ಇಷ್ಟು ವರ್ಷ ಯಾವೂರಿಗೆ ಹೋಗಿದ್ಲಂತೆ? ಕೇಳು ಅವಳನ್ನ" ಅಂದಳು. ನಾನು ಸೆರಗಿನಿಂದ ಮೂಗು ಒರೆಸಿಕೊಂಡೆ. ಆ ಸದ್ದು ಅವಳಿಗೆ ಕೇಳಿತು.

"ಅಳಬೇಡ ಕಣ್ಣು. ಮೊದಲಿಂದ ಓದು, ನಮ್ಮ ಮಾತಲ್ಲಿ" ಅಂದು ಗೋಡೆಗೆ ಒರಗಿ ಕೂತಳು. "ಹೂಂ, ತಿರುವು."