ಬೂಟ್ ಲಾಕ್ ಮತ್ತು ಮಗಳ ಏಟು

ಗೆಳೆಯರೇ, ಇವತ್ತು ಮಗಳು ನನ್ನ ಕೈಗೆ ಹೊಡೆದಳು. ಅದಕ್ಕೆ ಅವಳಿಗೆ ಒಂದು ಡಬ್ಬ ಸಂದೇಶ್ ಮಿಠಾಯಿ ಕೊಡಿಸಿದೆ.

ತಯಾರಕ ಕಂಪನಿಯ ಕಟ್ಟುಪಾಡು ಬೇಡವೆಂದು ನಾನೇ ರೂಟ್ ಮಾಡಿ, ಪೂರ್ತಿ ಹಿಡಿತಕ್ಕೆ ತೆಗೆದುಕೊಂಡ ಫೋನು. ಬ್ಯಾಂಕಿನ ಆ್ಯಪ್ ತೆರೆಯಲಿಲ್ಲ. ಸೆಟ್ಟಿಂಗ್ ನೋಡಿದರೆ ಬೂಟ್ ಲಾಕ್, ಅಂದರೆ ಫೋನಿನ ಮೂಲ ತಂತ್ರಾಂಶದ ಬೀಗ, ತೆರೆದೇ ಇದೆ; ಹಾಗಿದ್ದರೆ ಬ್ಯಾಂಕಿನ ಆ್ಯಪ್ ಫೋನನ್ನು ನಂಬುವುದಿಲ್ಲ. ಹಾಕಿಬಿಡೋಣ ಎಂದು ಲ್ಯಾಪ್‌ಟಾಪಿಗೆ ಜೋಡಿಸಿದೆ. ‘ಲಾಕ್ ಮಾಡಲೇ?’ ಎಂದು ಫೋನು ಕೇಳಿತು. ಗುಂಡಿ ಒತ್ತುವಷ್ಟರಲ್ಲಿ ಏಟು ಬಿತ್ತು.

“ಅಪ್ಪಾ, ರುಕೋ! ನೀಚೇ ಕಾ ಲೈನ್ ಓದು. ಸಬ್ ಡಿಲೀಟ್ ಆಗತ್ತೆ!”

ಓದಿದೆ. ನಿಜ, ಲಾಕ್ ಹಾಕಿದರೆ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎಂದು ಕೆಳಗಿನ ಸಾಲಿನಲ್ಲಿತ್ತು. ಪುಸ್ತಕ ಬರೆಯಲೆಂದು ಈ ಊರಿನ ಟ್ರಾಮ್ ಡ್ರೈವರುಗಳ ಜೊತೆ ಎಂಟು ತಿಂಗಳು ನಡೆಸಿದ ಸಂದರ್ಶನಗಳೆಲ್ಲ ಆ ಫೋನಿನಲ್ಲಿ ಮಾತ್ರ ಇದ್ದವು. “ಥ್ಯಾಂಕ್ಸ್ ಪುಟ್ಟಿ” ಅಂದು ‘ಬೇಡ’ ಒತ್ತಿದೆ.

ಪರೀಕ್ಷಾ ಕೋಣೆಯಲ್ಲಿ ಪ್ರತಿ ಸಲ “ಪ್ರಶ್ನೆ ಪೂರ್ತಿ ಓದಿ, ಆಮೇಲೆ ಪೆನ್ನು ಹಿಡೀರಿ” ಎಂದು ಗದರುವ ಮೇಷ್ಟ್ರು ನಾನೇ.